ಎಚ್ಚರವಿದ್ದೂ ಏಳಲಾಗದ ಗಳಿಗೆ



ಕಳೆದ ಶ್ರಾವಣದ ಒಂದು ನಸುಕಿನಲ್ಲಿ, ನಾಲ್ಕು ಗಂಟೆಗೆ, ನನ್ನ ಮೊಮ್ಮಗನು ಧಾರವಾಡದ ಸಪ್ತಾಪುರದ ತನ್ನ ಬಾಡಿಗೆ ಕೋಣೆಯಿಂದ ಫೋನು ಮಾಡಿದನು. ಸ್ಪರ್ಧಾತ್ಮಕ ಪರೀಕ್ಷೆಗೆಂದು ಹಗಲಿರುಳು ಓದುತ್ತಿರುವ ಹುಡುಗ. “ಅಜ್ಜಾ, ಎಚ್ಚರ ಆಗಿತ್ತು, ಆದ್ರ ಕೈಕಾಲು ಆಡಲಿಲ್ಲ. ಎದಿ ಮ್ಯಾಲ ಯಾರೋ ಕುಂತಂಗಾತು. ನನಗ ಗಾಳಿ ಬಡದೈತೇನು?” ಎಂದು ಕೇಳಿದನು. ಧ್ವನಿ ನಡುಗುತ್ತಿತ್ತು. ಐವತ್ತಕ್ಕೂ ಹೆಚ್ಚು ವರುಷ ಮನೆಯವರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಯನ್ನು ಆ ಹೊತ್ತು ಅವನಿಗೆ ಹೇಳಬೇಕಾಯಿತು. ತಮ್ಮ ಮುಂದೆಯೂ ಅದನ್ನೇ ನಿವೇದಿಸುತ್ತಿದ್ದೇನೆ.

1968ರಲ್ಲಿ ನಾನು ಮಠದ ಪ್ರಸಾದನಿಲಯದಲ್ಲಿದ್ದು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆನು. ಪರೀಕ್ಷೆಯ ದಿನಗಳು. ಸಾಲಾಗಿ ಹಾಸಿದ ಚಾಪೆಗಳಲ್ಲಿ ಗೆಳೆಯರ ಗೊರಕೆ ಕೇಳಿಸುತ್ತಿದೆ, ಕಿಟಕಿಯ ಬೆಳಕು ಕಾಣಿಸುತ್ತಿದೆ. ಆದರೆ ನಾಲಿಗೆ ಹೊರಳದು, ಬೆರಳು ಅಲುಗದು. ಬಾಗಿಲ ಬಳಿಯಿಂದ ಕರಿಯ ಆಕೃತಿಯೊಂದು ನನ್ನತ್ತಲೇ ಬರುತ್ತಿದೆ! ಬೆಳಗ್ಗೆ ಅಡುಗೆಯ ಅಜ್ಜನಿಗೆ ತಿಳಿಸಿದಾಗ ಆತನು ಹಣೆಗೆ ಭಸ್ಮ ಹಚ್ಚಿ, “ಯಾರ ಮುಂದೂ ಹೇಳಬ್ಯಾಡ ತಮ್ಮಾ” ಎಂದನು. ಆತನ ಅಂತಃಕರಣ ದೊಡ್ಡದು. ಆದರೆ ಆ ಮಾತು ನನಗೆ ಕೇಡನ್ನೇ ಮಾಡಿತು. ಹೇಳದಿದ್ದುದರಿಂದ ಅಂಜಿಕೆ ಬೆಳೆಯಿತು, ಅಂಜಿಕೆಯಿಂದ ನಿದ್ದೆ ಕೆಟ್ಟಿತು, ನಿದ್ದೆ ಕೆಟ್ಟಷ್ಟೂ ಅದು ಮತ್ತೆ ಮತ್ತೆ ಬಂದಿತು. ಮುಂದೆ ಹುಬ್ಬಳ್ಳಿಯಲ್ಲಿ ರಾತ್ರಿ ಪಾಳಿಯ ಕೆಲಸ ದೊರೆತ ಮೇಲಂತೂ, ಮಲಗಿದಲ್ಲಿಯೇ ಪ್ರಾಣ ಹೋದೀತೆಂಬ ಭಯದಿಂದ ದೀಪ ಆರಿಸುತ್ತಿರಲಿಲ್ಲ.

1979ರಲ್ಲಿ ವೈದ್ಯರೊಬ್ಬರು ತಾಳ್ಮೆಯಿಂದ ಕೇಳಿ ಇದರ ಗುಟ್ಟನ್ನು ತಿಳಿಸಿದರು. ನಿದ್ರೆಯಲ್ಲಿ ಕಣ್ಣಾಲಿಗಳು ವೇಗವಾಗಿ ಚಲಿಸುವ ಒಂದು ಹಂತವುಂಟು. 1953ರಲ್ಲಿ ಶಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು ಅದನ್ನು ಲೋಕಕ್ಕೆ ತಿಳಿಸಿದರು. ಸ್ಪಷ್ಟವಾದ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ. ಕನಸಿನಲ್ಲಿ ಓಡುವವನು ನಿಜವಾಗಿಯೂ ಎದ್ದು ಓಡದಂತೆ ಮೆದುಳು ಮೈಯ ಸ್ನಾಯುಗಳನ್ನು ಆ ಹೊತ್ತಿನಲ್ಲಿ ಸಡಿಲಗೊಳಿಸುತ್ತದೆ. ಕಣ್ಣುಗಳಿಗೂ ಉಸಿರಾಟದ ವಪೆಗೂ ಮಾತ್ರ ಈ ಕಟ್ಟಿಲ್ಲ. ಕೆಲವೊಮ್ಮೆ ಮನಸ್ಸು ಮೊದಲು ಎಚ್ಚತ್ತು, ದೇಹದ ಕಟ್ಟು ಬಿಚ್ಚುವುದು ತಡವಾಗುತ್ತದೆ. ಕನಸಿನ ಚೂರುಗಳು ಎಚ್ಚರದೊಳಗೆ ಬೆರೆತು ಆಕೃತಿಗಳಾಗಿ ತೋರುತ್ತವೆ. ಸಾಮಾನ್ಯವಾಗಿ ಕೆಲವು ಸೆಕೆಂಡುಗಳು, ಇಲ್ಲವೆ ಕೆಲವು ನಿಮಿಷಗಳು. ಬಳಿಕ ತಾನೇ ಬಿಡುತ್ತದೆ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ಸಾಮಾನ್ಯ ಜನರಲ್ಲಿ ಶೇಕಡಾ 8ರಷ್ಟು, ವಿದ್ಯಾರ್ಥಿಗಳಲ್ಲಿ ಶೇಕಡಾ 28ರಷ್ಟು. ಜಪಾನಿನವರು ಇದನ್ನು ‘ಕನಶಿಬಾರಿ’ ಎನ್ನುತ್ತಾರೆ. ಕೆನಡಾದ ನ್ಯೂಫೌಂಡ್‌ಲೆಂಡಿನ ಜನರು ಮುದುಕಿಯೊಬ್ಬಳು ಎದೆಯ ಮೇಲೆ ಕೂತಳೆನ್ನುತ್ತಾರೆ. ನಮ್ಮೂರ ಗಾಳಿಯು ಅಷ್ಟು ದೂರ ಹೇಗೆ ಹೋಯಿತೆಂದು ಕೇಳಿದಾಗ ಹುಡುಗನು ಮೊದಲ ಬಾರಿ ನಕ್ಕನು.

ನಾನು ರೂಢಿಸಿಕೊಂಡುದು ಇಷ್ಟು. ಅಂಗಾತ ಮಲಗಿದಾಗ ಇದು ಹೆಚ್ಚೆಂದು ತಿಳಿದು ಮಗ್ಗುಲಾಗಿ ಮಲಗುತ್ತೇನೆ. ಮಲಗುವ, ಏಳುವ ಹೊತ್ತನ್ನು ತಪ್ಪಿಸುವುದಿಲ್ಲ. ಅದು ಬಂದಾಗ ಗುದ್ದಾಡುವುದಿಲ್ಲ. ಗುದ್ದಾಡಿದಷ್ಟೂ ಎದೆ ಬಿಗಿಯುತ್ತದೆ. ತಾನಾಗಿ ಹೋಗಿ ಬರುತ್ತಿರುವ ಉಸಿರಿನೊಡನೆ ಷಡಕ್ಷರಿಯನ್ನು ಮೆಲ್ಲನೆ ನೆನೆಯುತ್ತ, ಎಡಗೈಯ ಕಿರುಬೆರಳೊಂದನ್ನೇ ಅಲುಗಿಸಲು ನೋಡುತ್ತೇನೆ. ಮಂತ್ರವೇ ಬಿಡಿಸಿತೆಂದು ನಾನು ಹೇಳಲಾರೆ. ಅಂಜಿಕೆಗೆ ಮನಸ್ಸಿನಲ್ಲಿ ಜಾಗವಿಲ್ಲದಂತೆ ಮಾಡಿತೆಂದು ಮಾತ್ರ ಬಲ್ಲೆ. ಹಗಲಿನಲ್ಲಿಯೂ ತಡೆಯಲಾಗದ ತೂಕಡಿಕೆ ಬರುತ್ತಿದ್ದರೆ, ಇಲ್ಲವೆ ನಗುವಾಗ ಮೊಣಕಾಲು ಕುಸಿಯುತ್ತಿದ್ದರೆ, ಅದು ಬೇರೆ ರೋಗವಿರಬಹುದು. ಅಂಥವರು ವೈದ್ಯರಿಗೆ ತೋರಿಸಲೇಬೇಕು.

ಮೊನ್ನೆ ಮತ್ತೆ ಫೋನು ಬಂದಿತು. ನಸುಕಿನಲ್ಲಲ್ಲ, ಪ್ರಸಾದವಾದ ಮೇಲೆ. “ಬಂದಿತ್ತಜ್ಜಾ. ಬೆರಳು ಆಡಿಸಿದೆ, ಹೋತು. ಮತ್ತ ಮಲಗಿದೆ” ಎಂದನು. ಅವನ ತಾಯಿಯು ಮಾತ್ರ ತಾಯತದ ಮಾತನ್ನು ಇನ್ನೂ ಬಿಟ್ಟಿಲ್ಲ.