ಬಾಡಿಗೆಗೆ ಮನೆ ಬೇಕಾಗಿದೆ

ಬಾಡಿಗೆಗೆ ಮನೆ ಹುಡುಕುವುದು ಮದುವೆಗೆ ಹೆಣ್ಣು ಹುಡುಕುವುದಕ್ಕಿಂತ ಕಷ್ಟವೆಂದು ದೊಡ್ಡವರು ಹೇಳುತ್ತಾರೆ. ಎರಡನೆಯದರ ಅನುಭವ ನನಗಿನ್ನೂ ಆಗಿಲ್ಲ. ಮೊದಲನೆಯದು ಮಾತ್ರ ಕಳೆದ ಬೇಸಗೆಯ ರಜೆಯಲ್ಲಿ ಸಾಕುಸಾಕೆನ್ನುವಷ್ಟು ಆಯಿತು. ಹತ್ತೊಂಬತ್ತು ಮನೆಗಳ ಮೆಟ್ಟಿಲು ಹತ್ತಿ ಇಳಿದೆ. ಮನೆ ನನಗಲ್ಲ, ನನ್ನ ಸೋದರತ್ತೆಗೆ, ಅವಳ ಜೊತೆಯ ಇನ್ನಿಬ್ಬರು ಹೆಂಗಸರಿಗೆ.

ಅತ್ತೆ ಹನ್ನೊಂದು ವರ್ಷ ಮಾನಸಿಕ ಆಸ್ಪತ್ರೆಯಲ್ಲಿದ್ದವಳು. ಕಿವಿಯಲ್ಲಿ ಯಾರೋ ಮಾತನಾಡುತ್ತಾರೆಂದು ರಾತ್ರಿಯೆಲ್ಲ ಎದ್ದು ಕೂರುತ್ತಿದ್ದಳು. ಊರವರು ಗಾಳಿ ಎಂದು ತಾಯತ ಕಟ್ಟಿಸಿದರು. ವೈದ್ಯರು ಸ್ಕಿಜೋಫ್ರೇನಿಯ ಎಂದರು. ಔಷಧ ನಾಟಿತು. ಮೂರನೆಯ ವರ್ಷ ಆಸ್ಪತ್ರೆಯಿಂದ ಕಾಗದ ಬಂದಿತು: ರೋಗಿ ಸುಧಾರಿಸಿದ್ದಾರೆ, ಮನೆಯವರು ಬಂದು ಕರೆದುಕೊಂಡು ಹೋಗಬಹುದು.

ಆಗ ನಾನು ಏಳನೆಯ ತರಗತಿ. ಮನೆಯಲ್ಲಿ ನಾಲ್ಕಕ್ಷರ ಬರೆಯಬಲ್ಲವನು ನಾನೊಬ್ಬನೆ. ಅಪ್ಪ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ‘ನಮ್ಮಲ್ಲಿ ಸ್ಥಳ ಸಾಲದು. ಮದುವೆಗೆ ಬೆಳೆದ ಮಗಳಿದ್ದಾಳೆ. ತಾವೇ ದಯವಿಟ್ಟು ಇಟ್ಟುಕೊಳ್ಳಬೇಕಾಗಿ ಬೇಡುತ್ತೇವೆ.’ ಅಕ್ಷರ ಮುತ್ತಿನ ಹಾಗಿದೆಯೆಂದು ಅವ್ವ ಮೆಚ್ಚಿದಳು. ಆಮೇಲೆ ಅತ್ತೆ ಎಂಟು ವರ್ಷ ಅಲ್ಲಿಯೇ ಉಳಿದಳು.

ಎರಡನೆಯ ಬಿ.ಎ.ಯಲ್ಲಿ ರಾಜ್ಯಶಾಸ್ತ್ರದ ಸೆಮಿನಾರಿಗೆ ನನ್ನ ಪಾಲಿಗೆ ಬಂದ ವಿಷಯ 2017ರ ಮಾನಸಿಕ ಆರೋಗ್ಯ ಕಾಯಿದೆ. ಅದರ 19ನೆಯ ಪ್ರಕರಣ ಹೀಗೆ ಹೇಳುತ್ತದೆ: ಬಂಧುಗಳಿಲ್ಲವೆಂದಾಗಲಿ, ಬಂಧುಗಳು ಒಲ್ಲೆನ್ನುತ್ತಾರೆಂದಾಗಲಿ, ಇರಲು ಮನೆಯಿಲ್ಲವೆಂದಾಗಲಿ, ಅಷ್ಟೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಲಾಗದು. ನಾಲ್ವರೊಡನೆ ಸಮಾಜದಲ್ಲಿ ಬಾಳುವುದು ಅವರ ಹಕ್ಕು. ಅದಕ್ಕಾಗಿ ಗುಂಪು ಮನೆಗಳಂಥ ಏರ್ಪಾಡನ್ನು ಸರ್ಕಾರ ಮಾಡಬೇಕು, ಇಲ್ಲವೆ ಮಾಡುವವರಿಗೆ ಬೆಂಬಲ ಕೊಡಬೇಕು. ಇನ್ನೂ ಒಂದು ಮಾತಿದೆ: ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನು ಅವರು ಪಡೆಯಲು ಸರ್ಕಾರವೇ ನೆರವಾಗಬೇಕು. ಎಂದರೆ ನಮ್ಮ ಹಟ್ಟಿಯ ಮೇಲೆ ಅತ್ತೆಗೂ ಹಕ್ಕುಂಟು. ಸೆಮಿನಾರಿನಲ್ಲಿ ಚಪ್ಪಾಳೆ ಬಿದ್ದಿತು. ನಾನು ಬರೆದ ಕಾಗದದ ಸಂಗತಿ ಅಂದು ಹೇಳಲಿಲ್ಲ. ಇಂದು ಹೇಳುತ್ತಿದ್ದೇನೆ, ಅತ್ತೆಯ ಒಪ್ಪಿಗೆ ಪಡೆದು.

ಮುಂದಿನ ಭಾನುವಾರ ಆಸ್ಪತ್ರೆಗೆ ಹೋದೆ. ಅಲ್ಲಿನ ಸಮಾಜಕಾರ್ಯಕರ್ತೆಯೊಬ್ಬರು ಚೆನ್ನೈಯ ‘ದಿ ಬ್ಯಾನಿಯನ್’ ಸಂಸ್ಥೆಯ ಕೆಲಸವನ್ನು ವಿವರಿಸಿದರು. 2015ರಲ್ಲಿ ಅವರು ‘ಹೋಮ್ ಅಗೇನ್’ ಎಂಬ ಕ್ರಮವನ್ನು ತೊಡಗಿದರು. ಬಹುಕಾಲ ಆಸ್ಪತ್ರೆಯಲ್ಲಿದ್ದ ನಾಲ್ಕೈದು ಮಂದಿ ಎಲ್ಲರಂತೆ ಯಾವುದಾದರೂ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಒಟ್ಟಿಗೆ ಇರುತ್ತಾರೆ. ಅವರಿಗೆ ಒಬ್ಬ ಸಹಾಯಕಿ. ಅಡಿಗೆ, ಸಂತೆ, ನೆರೆಮನೆಯ ಮಾತುಕತೆ ಎಲ್ಲ ಅವರದೇ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗದರ್ಶಿಯಲ್ಲಿ ಇದನ್ನು ಒಳ್ಳೆಯ ಮಾದರಿಯೆಂದು ಎತ್ತಿಕೊಂಡಿದೆ. “ಆದರೆ ಅತ್ತೆಗೆ ಒಲೆ ಹಚ್ಚುವುದೇ ಮರೆತುಹೋಗಿದೆಯಲ್ಲ? ಮೊದಲು ಇಲ್ಲಿಯೇ ಕಲಿಯಲಿ” ಎಂದೆ. ಅವರು ನಕ್ಕರು. ನ್ಯೂಯಾರ್ಕಿನಲ್ಲಿ 1992ರಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಬೀದಿಯಲ್ಲಿದ್ದ ರೋಗಿಗಳಿಗೆ, ಯೋಗ್ಯತೆಯ ಪರೀಕ್ಷೆಯಿಲ್ಲದೆ, ಮೊದಲು ಮನೆಯನ್ನೇ ಕೊಡತೊಡಗಿದರಂತೆ. ಒಲೆಯಿಲ್ಲದ ಕಡೆ ಒಲೆ ಹಚ್ಚುವುದನ್ನು ಕಲಿಯುವುದು ಹೇಗೆ?

ಹೀಗೆ ಮನೆ ಬೇಟೆ ನನ್ನ ಪಾಲಿಗೆ ಬಂದಿತು. “ಯಾರ್ ಇರೋದು?” “ಮೂರು ಜನ ಹೆಂಗಸರು.” “ಗಂಡಸರು?” “ಇಲ್ಲ.” “ಯಾವ ಜನ?” (ಈ ಪ್ರಶ್ನೆಗೇ ನಾಲ್ಕು ಮನೆ ತಪ್ಪಿದವು, ಅದು ಬೇರೆ ಪ್ರಬಂಧದ ವಿಷಯ.) “ಇಷ್ಟು ದಿನ ಎಲ್ಲಿದ್ರು?” ಮೊದಲ ಮೂರು ಕಡೆ ಬೆಂಗಳೂರೆಂದು ಸುಳ್ಳಾಡಿದೆ. ಆಮೇಲೆ ಏನು ಹೇಳಲೆಂದು ಅತ್ತೆಯನ್ನೇ ಕೇಳಿದೆ. “ಆಸ್ಪತ್ರೇಲಿದ್ಲು ಅನ್ನು ಮಗ. ಸುಳ್ಳು ಹೇಳಿ ಹೊಕ್ಕ ಮನೇಲಿ ನಿದ್ದೆ ಬರಾಕಿಲ್ಲ” ಎಂದಳು. ನಿಜ ಹೇಳಿದ ಮೇಲೆ ಬಾಗಿಲುಗಳು ಬೇಗಬೇಗ ಮುಚ್ಚತೊಡಗಿದವು. ಒಬ್ಬರು ಕಾಫಿ ಕೊಟ್ಟು, ಕನಿಕರ ತೋರಿಸಿ, ಮಾರನೆಯ ದಿನ ಮನೆ ಕೊಟ್ಟಾಯಿತೆಂದರು. ನನಗೆ ಸಿಟ್ಟೇನೋ ಬಂದಿತು. ಆದರೆ ಅವರು ಹೇಳಿದ ಮಾತೆಲ್ಲ ನನ್ನ ಕೈಬರಹದಲ್ಲಿ ಮೊದಲೇ ಇದ್ದಿತಲ್ಲ!

ಇಪ್ಪತ್ತನೆಯ ಮನೆಯ ಅಜ್ಜಿ ಎಲೆಯಡಿಕೆ ಜಗಿಯುತ್ತ ಎಲ್ಲ ಕೇಳಿದರು. “ಮಾತ್ರೆ ಸರಿಯಾಗ್ ನುಂಗ್ತಾರಾ?” “ನುಂಗ್ತಾರೆ, ಅಜ್ಜಿ.” “ನನ್ ಮಗ ಬಿ.ಪಿ. ಮಾತ್ರೆನೇ ನುಂಗಲ್ಲ. ಬಾಡಿಗೆ ಐದನೇ ತಾರೀಕಿಗೆ ಬಂದ್ಬಿಡಬೇಕು, ನೋಡಪ್ಪ.”

ಜೂನ್ ತಿಂಗಳಲ್ಲಿ ಅವರು ಮನೆ ಹೊಕ್ಕರು. ಬಾಡಿಗೆಗೆ ಮೂವರ ಮಾಸಾಶನ ಸಾಲದು. ಉಳಿದುದನ್ನು ಒಂದು ಸೇವಾಸಂಸ್ಥೆ ಕೊಡುತ್ತದೆ. ಅದೇ ಬೀದಿಯ ಹೆಂಗಸೊಬ್ಬಳು ಬೆಳಿಗ್ಗೆ ಸಂಜೆ ಬಂದು ನೋಡಿಕೊಂಡು ಹೋಗುತ್ತಾಳೆ. ಮೊದಲ ರಾತ್ರಿ ಅತ್ತೆ ತಟ್ಟೆ ಹಿಡಿದು ನಿಂತೇ ಇದ್ದಳು. ಯಾಕೆಂದರೆ, “ಗಂಟೆ ಹೊಡೀಲಿಲ್ವಲ್ಲ” ಎಂದಳು. ಆಗಸ್ಟಿನಲ್ಲಿ ಮೂವರಲ್ಲಿ ಒಬ್ಬಾಕೆ ಮಾತ್ರೆ ಬಿಟ್ಟು ಹದಿನೈದು ದಿನ ಆಸ್ಪತ್ರೆಗೆ ಮರಳಬೇಕಾಯಿತು. ಮನೆ ಬಿಡಿಸುತ್ತಾರೆಂದು ಎದೆ ಹೊಡೆದುಕೊಂಡಿತು. ಅಜ್ಜಿ ಬಂದು ಕೇಳಿದ್ದು ಇಷ್ಟೆ: “ಅವಳ ಬಟ್ಟೆ ಹಗ್ಗದ ಮೇಲೇ ಒಣಗ್ತಾ ಅವೆ, ಯಾವಾಗ ಬರ್ತಾಳೆ?”

ಅಪ್ಪ ಒಮ್ಮೆ ಮಾತ್ರ ಬಂದಿದ್ದಾರೆ. ಸುಗ್ಗಿ ಮುಗಿದ ಮೇಲೆ ಅರ್ಧ ಮೂಟೆ ರಾಗಿ ಹೊತ್ತು ತಂದು ಜಗಲಿಯ ಮೇಲಿಳಿಸಿದರು. “ಒಳೀಕ್ ಬಾರಣ್ಣ” ಎಂದಳು ಅತ್ತೆ. “ಬಸ್ಸಿಗೆ ಹೊತ್ತಾಯ್ತು ಕಣವ್ವ” ಎಂದು ಅಪ್ಪ ಜಗಲಿಯಲ್ಲೇ ಕೂತರು. ಅತ್ತೆ ಕಾಫಿ ಮಾಡಿ ತಂದಳು. ಸಕ್ಕರೆ ಹೆಚ್ಚಾಗಿತ್ತು. ಅಪ್ಪ ಪೂರ್ತಿ ಕುಡಿದರು. ಆ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು.