ಕಾಯುವುದು ಎಲ್ಲರಿಗೂ ಗೊತ್ತು

ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಕ್ರೈಸ್ತರು ಕಾಯುವುದಕ್ಕೆಂದೇ ಇಟ್ಟಿದ್ದಾರೆ. ಅದಕ್ಕೆ ಆಗಮನ ಕಾಲ ಅಂತ ಹೆಸರು. ಅನೇಕ ಚರ್ಚುಗಳಲ್ಲಿ ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ ಹಚ್ಚುತ್ತಾರೆ. ಮೊದಲನೆಯದನ್ನು ಭರವಸೆಯ ಬತ್ತಿ ಅನ್ನುವುದುಂಟು.

ನಾನು ಆ ಧರ್ಮದವಳಲ್ಲ. ಆದರೆ ಹಾಲ್ಕುರಿಕೆಯವರಿಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆಕೊಬ್ಬರಿ ಆಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ನಡುವೆ ಒಡೆದು ನೋಡುವ ಹಾಗಿಲ್ಲ. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು, ಅಲ್ಲಿಯವರೆಗೆ ತಾಳಬೇಕು. ಮನೆಯ ಸಾಲ, ಮದುವೆ, ಮಕ್ಕಳ ಫೀಸು ಎಲ್ಲ ಅದರ ಮೇಲೇ ನಿಂತಿರುತ್ತದೆ.

ಕ್ರೈಸ್ತರ ಕಾಯುವಿಕೆಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಬರುವವನು ಒಂದು ಕುಲಕ್ಕಲ್ಲ, ಎಲ್ಲ ಜನಾಂಗಕ್ಕೂ ಸೇರಿದವನು ಅನ್ನುತ್ತಾರೆ. ಬೈಬಲಿನಲ್ಲಿ ನಕ್ಷತ್ರ ನೋಡಿಕೊಂಡು ಮಗುವನ್ನು ಹುಡುಕಿ ಬಂದ ಜ್ಞಾನಿಗಳು ಪೂರ್ವದೇಶದವರು, ಹೊರಗಿನವರು.

ಎಲ್ಲರಿಗೂ ಅಂದಮೇಲೆ ಎಲ್ಲರ ಮಾತಿನಲ್ಲೂ ಸಿಗಬೇಕು. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೂತರು. ಇಡೀ ಗ್ರಂಥ ಅಚ್ಚಾಗಿದ್ದು 1831ರಲ್ಲಿ. ಅದೂ ಇಪ್ಪತ್ತು ವರ್ಷದ ಕಾಯುವಿಕೆಯೇ. 1840ರ ಹೊತ್ತಿಗೆ ನಮ್ಮ ಜಿಲ್ಲೆಯ ಗುಬ್ಬಿಯಲ್ಲೂ ವೆಸ್ಲಿಯನ್ ಮಿಷನ್ನಿನವರು ಇದ್ದರು. ಹೇಳಲು ಬಂದವರು ಮೊದಲು ನಮ್ಮ ಮಾತಿಗೆ ಕಿವಿಗೊಡಬೇಕಾಯಿತು.

ಈ ‘ಎಲ್ಲರಿಗೂ’ ಅನ್ನುವ ಮಾತೇ ಕಷ್ಟದ್ದು. ಕೊಬ್ಬರಿಗೆ ಒಳ್ಳೆ ರೇಟು ಬಂದ ವರ್ಷ ತೋಟದವರು ನಗುತ್ತೇವೆ. ಕಾಯಿ ಸುಲಿದವರ, ಕೊಬ್ಬರಿ ಒಡೆದವರ ಕೂಲಿಯೂ ಏರಿತೇ ಅಂತ ಕೇಳುವವರು ಕಡಿಮೆ. ಅವರೂ ವರ್ಷವಿಡೀ ಕಾದವರೇ. ಭರವಸೆ ಅವರ ಮನೆಯ ಬಾಗಿಲಿಗೂ ಹೋಗಬೇಕು.