ವಿಮಾನದ ಮೇಲಿನ ಹೆಸರು

ಕೌಂಟರಿನ ಮುಂದೆ ಸಾಲು ನಿಂತಿರುವಾಗಲೇ ಒಮ್ಮೊಮ್ಮೆ ಬೀದರದ ವಾಯುಪಡೆ ನೆಲೆಯ ತರಬೇತಿ ವಿಮಾನ ನಮ್ಮ ಜಹೀರಾಬಾದಿನ ಮೇಲೆ ಹಾದುಹೋಗುತ್ತದೆ. ಪಿಂಚಣಿಗೆ ಬಂದ ಮುದುಕರು ಪಾಸ್‌ಬುಕ್ ಹಿಡಿದುಕೊಂಡೇ ಬಾಗಿಲ ಕಡೆಗೆ ಕತ್ತು ತಿರುಗಿಸುತ್ತಾರೆ. ಹೋದ ತಿಂಗಳು ನಾರಾಯಣಖೇಡದ ಕಡೆಯ ಹಿರಿಯರೊಬ್ಬರು, "ನಮ್ಮ ರೊಕ್ಕ ಹೊಂಟದ ನೋಡ್ರಿ ಸರ್" ಎಂದರು. ಸಾಲೆಲ್ಲ ನಕ್ಕಿತು. ನನಗೆ ಮುತ್ಯಾನ ನೆನಪಾಯಿತು.

"ನಮ್ಮ ಜ್ವಾಳದ ರೊಕ್ಕದಾಗ ನಿಜಾಮ ಸರ್ಕಾರ ಇಂಗ್ಲೆಂಡಿನವರಿಗಿ ವಿಮಾನ ಕೊಟ್ಟದ" ಎಂದು ಮುತ್ಯಾ ಹೇಳುತ್ತಿದ್ದರು. ನಾವು ಮಕ್ಕಳು ಅದನ್ನು ಕಥೆ ಎಂದುಕೊಂಡಿದ್ದೆವು. ಕಥೆಯಲ್ಲ. ಮೊದಲನೇ ಮಹಾಯುದ್ಧದಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ 110ನೇ ಸ್ಕ್ವಾಡ್ರನ್ನಿಗೆ ವಿಮಾನಗಳನ್ನು ಕೊಡಿಸಿದರು. ಆ ದಳಕ್ಕೆ 'ಹೈದರಾಬಾದ್' ಎಂಬ ಹೆಸರೇ ಬಂತು. ಒಂದೊಂದು ವಿಮಾನದ ಮೈಮೇಲೂ ಇದು ಹೈದರಾಬಾದಿನ ನಿಜಾಮರ ಕೊಡುಗೆ ಎಂದು ಬರೆದಿತ್ತು. ಎರಡನೇ ಯುದ್ಧದಲ್ಲಿ ಅದೇ ಹೆಸರು 152ನೇ ದಳಕ್ಕೂ ಬಂತು.

ಆ ಮೊದಲ ವಿಮಾನಗಳಲ್ಲಿ ಒಂದು, ಡಿ.ಎಚ್. 9ಎ ಜಾತಿಯದು, ಎಫ್ 1010 ಎಂಬ ಅಂಕೆಯದು, 1918ರ ಅಕ್ಟೋಬರ್ 5ರಂದು ಜರ್ಮನಿಯಲ್ಲಿ ನೆಲಕ್ಕಿಳಿಯಿತು. ಜರ್ಮನ್ನರು ಅದನ್ನು ಬರ್ಲಿನ್ನಿನ ಸಂಗ್ರಹಾಲಯದಲ್ಲಿಟ್ಟರು. ಮುಂದಿನ ಯುದ್ಧದ ಗದ್ದಲದಲ್ಲಿ ಅದು ಪೋಲೆಂಡ್ ಸೇರಿತು. 1977ರಲ್ಲಿ ಬ್ರಿಟಿಷರು ಒಂದು ಸ್ಪಿಟ್‌ಫೈರ್ ಕೊಟ್ಟು ಬದಲಿಗೆ ಇದನ್ನು ತಂದುಕೊಂಡರು. ಈಗ ಲಂಡನ್ನಿನ ಆರ್.ಎ.ಎಫ್. ಮ್ಯೂಜಿಯಮ್ಮಿನಲ್ಲಿದೆ. ಅದನ್ನು ಪಡೆದವರು, ಹಿಡಿದವರು, ಸಾಕಿದವರು, ಬದಲಾಯಿಸಿಕೊಂಡವರು ಎಲ್ಲರ ಲೆಕ್ಕವೂ ಸಿಗುತ್ತದೆ. ಹಣ ಬೆಳೆದವರ ಲೆಕ್ಕ ಮಾತ್ರ ಇಲ್ಲ. ನಿಜಾಮರ ಖಾಸಗಿ ಸರ್ಫ್-ಎ-ಖಾಸ್ ಆಗಲಿ, ರಾಜ್ಯದ ದಿವಾನಿ ಬೊಕ್ಕಸವಾಗಲಿ, ತುಂಬುತ್ತಿದ್ದದ್ದು ಹೊಲದಿಂದಲೇ. ಬ್ಯಾಂಕಿನವನಾದ ನನಗೆ ಹೀಗೇ ಅನಿಸುತ್ತದೆ: ಹಣ ಒಬ್ಬರ ಖಾತೆಯಿಂದ ಹೋಗಿದೆ, ರಸೀದಿ ಇನ್ನೊಬ್ಬರ ಹೆಸರಿಗಿದೆ.

ಆ ಹೊಲಗಳ ಗಡಿಯೂ ಆಮೇಲೆ ಬದಲಾಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಕ್ಕೆ ಹೋದವು. ಕಾಸರಗೋಡಿನ ಓದುಗರಿಗೆ ಆ ತಾರೀಖನ್ನು ನಾನು ನೆನಪಿಸಬೇಕಾಗಿಲ್ಲ.

ಇನ್ನೊಂದು ವಿಮಾನದ ಕಥೆ ನಮ್ಮ ಕಾಲದ್ದು, ಮಲೆಯಾಳಿ ಓದುಗರಿಗೂ ಹತ್ತಿರದ್ದು. ತ್ರಿಶೂರು ಮೂಲದ ರಾಜೀವ್ ಚಂದ್ರಶೇಖರ್ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದಾಗ, 2011ರಲ್ಲಿ ಬ್ರಿಟನ್ನಿನಲ್ಲಿ ಗುಜರಿ ಸೇರಲಿದ್ದ ಒಂದು ಡಕೋಟವನ್ನು ಕೊಂಡರು. ಅವರ ತಂದೆ ವಾಯುಪಡೆಯಲ್ಲಿ ಡಕೋಟ ಹಾರಿಸಿದವರು. ರಿಪೇರಿ ಮಾಡಿಸಿ ವಾಯುಪಡೆಗೆ ಕೊಡುತ್ತೇನೆಂದರೆ, ಎ.ಕೆ. ಆಂಟನಿಯವರು ರಕ್ಷಣಾ ಮಂತ್ರಿಯಾಗಿದ್ದಾಗ ಸರ್ಕಾರ ಬೇಡವೆಂದಿತು. ಕೊಡುವವರೂ ಮಲೆಯಾಳಿ, ಬೇಡವೆಂದವರೂ ಮಲೆಯಾಳಿ! 2016ರಲ್ಲಿ ಮನೋಹರ ಪರ್ರಿಕರ್ ಒಪ್ಪಿದರು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ ಡಕೋಟದ ವಿ.ಪಿ. 905 ಅಂಕೆಯನ್ನು ಬರೆಸಿಕೊಂಡು, 'ಪರಶುರಾಮ' ಎಂಬ ಹೆಸರಿಟ್ಟುಕೊಂಡು, 2018ರ ಮೇ ತಿಂಗಳಲ್ಲಿ ಅದು ಹಿಂಡನ್ ನೆಲೆ ಸೇರಿತು.

ಬೇಡವೆಂದದ್ದು ತಪ್ಪೆಂದು ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಬೇಗ ಹೇಳಲಾರೆ. ದಾನ ಒಂದು ದಿನದ್ದು. ಎಣ್ಣೆ, ಮೆಕ್ಯಾನಿಕ್, ಬಿಡಿಭಾಗ, ಮಳೆಗೆ ಮಾಡು ವರ್ಷ ವರ್ಷದ್ದು. ಅದು ಬೊಕ್ಕಸದಿಂದಲೇ ಬರಬೇಕು. ಹೆಸರು ಮಾತ್ರ ಮೊದಲು ಕೊಟ್ಟವರದೇ ಉಳಿಯುತ್ತದೆ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮ ಊರಿನ ಕನ್ನಡ ವಾಚನಾಲಯಕ್ಕೆ ನಾನು ಖಜಾಂಚಿ. ನೆಲಕ್ಕೆ ಹಾಸಿದ ಕಲ್ಲು ತಾಂಡೂರಿನಿಂದ ಒಬ್ಬರು ಲಾರಿಯಲ್ಲಿ ಕಳಿಸಿದ್ದು, ಹೆಸರು ಹೇಳಲಿಲ್ಲ. ಗೋಡೆ ಎದ್ದದ್ದು ಎರಡು, ಐದು ರೂಪಾಯಿಯ ವಂತಿಗೆಯಲ್ಲಿ. ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಬೆಳೆದುನಿಂತ ನಮ್ಮವರೊಬ್ಬರು ಒಂದು ಲಕ್ಷ ಕೊಡುತ್ತೇನೆಂದರು. ವಾಚನಾಲಯಕ್ಕೆ ಅವರ ತಂದೆಯ ಹೆಸರಿಡಬೇಕು. ಸಭೆಯಲ್ಲಿ ಕುರ್ಚಿ ಸರಿದವು. "ಹೆಸರಿನಾಗೇನದ, ತಗೋರಿ" ಎಂದರು ಅರ್ಧ ಜನ. "ನಮ್ಮಪ್ಪಂದು ಎರಡು ರೂಪಾಯಿ ರೂಪಾಯಲ್ಲೇನು?" ಎಂದರು ಉಳಿದವರು.

ನಾನು ಎದ್ದುನಿಂತು ತಿಂಗಳ ಖರ್ಚು ಓದಿದೆ: ಪತ್ರಿಕೆ ಬಿಲ್ಲು, ಕರೆಂಟು, ಕಸ ಗುಡಿಸುವ ಅವ್ವನ ಸಂಬಳ. ಹಣವನ್ನು ಫಿಕ್ಸೆಡ್ ಡಿಪಾಜಿಟ್ ಇಟ್ಟು ಬಡ್ಡಿಯಲ್ಲಿ ಇಷ್ಟನ್ನು ನಡೆಸೋಣ, ಹೆಸರು ಬೇಕಾದರೆ ಆ ಖಾತೆಗೆ ಇರಲಿ ಎಂದೆ. ದಾನಿಗಳಿಗೆ ಸಿಟ್ಟು ಬಂತು. "ಪಾಸ್‌ಬುಕ್ಕಿನ ಮ್ಯಾಲಿನ ಹೆಸರು ಯಾರು ಓದ್ತಾರ್ರಿ?" ಎಂದರು. ಅದೂ ನಿಜವೇ. ಅವರ ತಂದೆ ನನಗೆ ಅಕ್ಷರ ಕಲಿಸಿದವರು. ಗೋಡೆಯ ಮೇಲೆ ಅವರ ಹೆಸರಿರಬಾರದೆಂದು ನಾನಾದರೂ ಹೇಗೆ ಹೇಳಲಿ?

ಕೊನೆಗೆ ಅವರು ಹಣದ ಬದಲು ಒಂದು ಕಬ್ಬಿಣದ ಕಪಾಟು ಕಳಿಸಿದರು, ಜೊತೆಗೆ ಹಿತ್ತಾಳೆಯ ಫಲಕ. ಕಪಾಟಿನಲ್ಲಿ ಪುಸ್ತಕ ಜೋಡಿಸಿಯಾಯಿತು. ಫಲಕ ನನ್ನ ಡ್ರಾಯರಿನಲ್ಲಿ, ಹಳೆಯ ವಂತಿಗೆ ರಸೀದಿಗಳ ಮೇಲೆ ಇದೆ. ಅದನ್ನು ಕಪಾಟಿಗೆ ಹೊಡೆಯಬೇಕೋ, ಬಾಗಿಲಿಗೆ ಹೊಡೆಯಬೇಕೋ ಎಂಬುದು ಯುಗಾದಿಯ ಸಭೆಗೆ ಬರುತ್ತದೆ. ಕರೆಂಟು ಬಿಲ್ಲು ಅದಕ್ಕಿಂತ ಮೊದಲೇ ಬಂದಿದೆ.